ರೆಕಾರ್ಡಿಂಗ್ ಹೊರತೆಗೆಯುವಾಗ ಚಿತ್ರ ಕೆಡುವುದೇಕೆ?

ಟಿವಿ ಕಾರ್ಯಕ್ರಮಗಳನ್ನು ದಾಖಲಿಸಿಕೊಳ್ಳುವ ವಿಡಿಆರ್, ಟಿವಿಹೆಡ್‌ಎಂಡ್‌ನಂಥ ಲಿನಕ್ಸ್ ರೆಕಾರ್ಡರ್ ತಂತ್ರಾಂಶಗಳು ಚಿತ್ರವನ್ನು ತಾವು ತಯಾರಿಸುವುದಿಲ್ಲ. ಪ್ರಸಾರ ಕೇಂದ್ರ ಎಂಪೆಗ್-2 ಅಥವಾ ಎಚ್.264 ಎಂಬ ವಿಡಿಯೊ ಸಂಕೋಚನ ವಿಧಾನದಲ್ಲಿ ಕಳಿಸಿದ್ದನ್ನು, ಸಿಗ್ನಲ್ ಹಿಡಿಯುವ ಟ್ಯೂನರ್‌ನಿಂದ ಇಳಿಸಿಕೊಂಡು ಹಾಗೆಯೇ ಡಿಸ್ಕ್‌ಗೆ ಬರೆಯುತ್ತವೆ. ಆ ಪ್ರಸಾರದಿಂದ ಈ ಕಡತಕ್ಕಿಂತ ಉತ್ತಮವಾದ ಪ್ರತಿ ನಮಗೆ ಸಿಗದು. ಹೀಗಿದ್ದೂ ಅದನ್ನು ರೆಕಾರ್ಡರ್‌ನಿಂದ ಹೊರತೆಗೆಯುವಾಗ ಮತ್ತೊಮ್ಮೆ ಎನ್‌ಕೋಡ್ ಮಾಡುವವರು, ಅಂದರೆ ಬಿಚ್ಚಿ ಮತ್ತೆ ಸಂಕುಚಿಸುವವರು, ಬಹಳ. ಪ್ರೊಸೆಸರ್ ಗಂಟೆಗಟ್ಟಲೆ ದುಡಿಯುತ್ತದೆ, ಕೊನೆಗೆ ಸಿಗುವುದು ಮಸುಕಾದ ಚಿತ್ರ. ನಿಜವಾಗಿ ಬೇಕಿರುವುದು ಕಂಟೇನರ್, ಅಂದರೆ ಚಿತ್ರ ಮತ್ತು ಧ್ವನಿಯನ್ನು ಒಟ್ಟಿಗೆ ಹಿಡಿದಿಡುವ ಕಡತದ ಹೊದಿಕೆ, ಅದರ ಬದಲಾವಣೆ ಮಾತ್ರ, ಅದಕ್ಕೆ ಕೆಲವೇ ನಿಮಿಷ ಸಾಕು.

ರೆಕಾರ್ಡರ್ ಬರೆಯುವುದು ಟ್ರಾನ್ಸ್‌ಪೋರ್ಟ್ ಸ್ಟ್ರೀಮ್, ಅಂದರೆ ಟಿಎಸ್ ಕಡತ. ಇದು 188 ಬೈಟ್‌ಗಳ ಪ್ಯಾಕೆಟ್‌ಗಳ ಸಾಲು. ರೆಕಾರ್ಡಿಂಗ್ ನಡುವೆ ಕರೆಂಟ್ ಹೋದರೂ ಅಲ್ಲಿಯವರೆಗಿನದು ಉಳಿಯುತ್ತದೆ. ಸಾಮಾನ್ಯ ಎಂಪಿ4 ತನ್ನ ವಿಷಯಸೂಚಿಯನ್ನು ಕೊನೆಯಲ್ಲಿ ಬರೆದುಕೊಳ್ಳುವುದರಿಂದ ಅರ್ಧಕ್ಕೆ ನಿಂತರೆ ಇಡೀ ಕಡತವೇ ತೆರೆಯುವುದಿಲ್ಲ. ಹಾಗಾಗಿ ರೆಕಾರ್ಡಿಂಗ್ ಟಿಎಸ್‌ನಲ್ಲೇ ಇರಲಿ, ಕಂಟೇನರ್ ಬದಲಾವಣೆ ಆಮೇಲೆ.

ಜಾಗದ ಲೆಕ್ಕ ಸುಲಭ. ಸೆಕೆಂಡಿಗೆ 5 ಮೆಗಾಬಿಟ್ ಬರುವ ಎಸ್‌ಡಿ ಚಾನೆಲ್‌ಗೆ ಗಂಟೆಗೆ ಸುಮಾರು 2.25 ಜಿಬಿ, 10 ಮೆಗಾಬಿಟ್‌ನ ಎಚ್‌ಡಿಗೆ 4.5 ಜಿಬಿ. ಎಫ್ಎಟಿ32 ಎಂಬ ಫಾರ್ಮ್ಯಾಟ್‌ನಲ್ಲಿರುವ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಕಡತವನ್ನು ಹಿಡಿಯುವುದಿಲ್ಲ. ನಕಲು ನಡುವೆಯೇ ನಿಂತರೆ ಮೊದಲು ಇದನ್ನು ನೋಡಿ, ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಸಿಗ್ನಲ್ ದುರ್ಬಲವಾಗಿದ್ದಾಗ ಕಳೆದುಹೋದ ಪ್ಯಾಕೆಟ್‌ಗಳನ್ನು ಮಾತ್ರ ಯಾವ ತಂತ್ರಾಂಶವೂ ಮರಳಿ ತರಲಾರದು. ಪ್ರತಿ ಪ್ಯಾಕೆಟ್‌ನಲ್ಲಿ 0ರಿಂದ 15ರವರೆಗೆ ಸುತ್ತುವ ಎಣಿಕೆಯೊಂದು ಇರುತ್ತದೆ. ಅದು ಹಾರಿದಾಗ ಲಾಗ್‌ನಲ್ಲಿ ಕಂಟಿನ್ಯುಟಿ ದೋಷ ಎಂದು ಬರುತ್ತದೆ, ಪರದೆಯ ಮೇಲೆ ಚೌಕ ಚೌಕವಾಗಿ ಒಡೆದ ಚಿತ್ರ ಕಾಣುತ್ತದೆ. ಇಂಥ ದೋಷಗಳು ಪದೇ ಪದೇ ಬಂದರೆ ಆಂಟೆನಾ, ಕೇಬಲ್, ಕನೆಕ್ಟರ್ ಪರೀಕ್ಷಿಸಿ. ಯುಎಸ್‌ಬಿ ಟ್ಯೂನರ್ ಆಗಿದ್ದರೆ ವಿದ್ಯುತ್ ಉಳಿತಾಯದ ಸೆಟ್ಟಿಂಗ್ ಆಫ್ ಮಾಡಿ ನೋಡಿ.

ವಿಡಿಆರ್ ಪ್ರತಿ ರೆಕಾರ್ಡಿಂಗ್‌ಗೆ ಒಂದು ಫೋಲ್ಡರ್ ಮಾಡುತ್ತದೆ. ಅದರೊಳಗೆ 00001, 00002 ಎಂಬ ಟಿಎಸ್ ಕಡತಗಳು, ಜೊತೆಗೆ ಇಂಡೆಕ್ಸ್, ಇನ್ಫೋ, ಕತ್ತರಿಸಲು ಗುರುತು ಹಾಕಿದ್ದರೆ ಮಾರ್ಕ್ಸ್. ಬಿಡಿ ಟಿಎಸ್ ಕಡತಗಳನ್ನು ಲಿನಕ್ಸ್‌ನ ಕ್ಯಾಟ್ ಆಜ್ಞೆಯಿಂದ ಒಂದರ ಹಿಂದೊಂದು ಅಂಟಿಸಿದರೆ ಸಾಕು, ಯಾವ ಫ್ರೇಮ್ ಯಾವಾಗ ಎಂದು ಹೇಳುವ ಸಮಯದ ಮುದ್ರೆಗಳು ಮುರಿಯದೆ ಮುಂದುವರಿಯುತ್ತವೆ. ಪ್ರತಿ ತುಂಡನ್ನೂ ಬೇರೆಯಾಗಿ ಎಂಪಿ4 ಮಾಡಿ ಆಮೇಲೆ ಜೋಡಿಸಹೊರಟರೆ ಜೋಡಣೆಯ ಜಾಗದಲ್ಲಿ ಧ್ವನಿ ತುಣುಕು ತುಣುಕಾಗಿ ಕೇಳುವುದು ಸಾಮಾನ್ಯ.

ಜಾಹೀರಾತು ತೆಗೆಯಬೇಕಿದ್ದರೆ ಆ ಕೆಲಸ ರೆಕಾರ್ಡರ್‌ನಲ್ಲೇ ಮುಗಿಸಿ. ವಿಡಿಆರ್‌ನಲ್ಲಿ ನೋಡುತ್ತಿರುವಾಗ ರಿಮೋಟ್‌ನ 0 ಗುರುತು ಹಾಕುತ್ತದೆ, 4 ಮತ್ತು 6 ಅದನ್ನು ಹಿಂದೆ ಮುಂದೆ ಸರಿಸುತ್ತವೆ, 2 ಕತ್ತರಿಸಲು ಶುರುಮಾಡುತ್ತದೆ. ಮೂಲ ಹಾಗೆಯೇ ಉಳಿದು, ಹೆಸರಿನ ಮುಂದೆ ಶೇಕಡಾ ಚಿಹ್ನೆಯಿರುವ ಹೊಸ ರೆಕಾರ್ಡಿಂಗ್ ಸಿದ್ಧವಾಗುತ್ತದೆ. ಗುರುತು ಬೇಕಾದ ಕ್ಷಣಕ್ಕೇ ಕೂರದಿದ್ದರೆ ಅದು ದೋಷವಲ್ಲ. ಪೂರ್ಣ ಚಿತ್ರವಿರುವ ಐ-ಫ್ರೇಮ್ ಕೆಲವು ಫ್ರೇಮ್‌ಗಳಿಗೊಮ್ಮೆ ಮಾತ್ರ ಬರುತ್ತದೆ. ಎಂಪೆಗ್-2 ಪ್ರಸಾರದಲ್ಲಿ ಸುಮಾರು ಅರ್ಧ ಸೆಕೆಂಡಿಗೊಂದು, ಎಚ್.264ರಲ್ಲಿ ಹಲವು ಸಲ ಅದಕ್ಕಿಂತ ವಿರಳ. ನಡುವಿನ ಫ್ರೇಮ್‌ಗಳಲ್ಲಿ ಇರುವುದು ಹೆಚ್ಚಾಗಿ ವ್ಯತ್ಯಾಸವಷ್ಟೇ, ಅಲ್ಲಿಂದ ಆರಂಭಿಸಿದರೆ ಆಧಾರವಿಲ್ಲದೆ ಚಿತ್ರ ಒಡೆಯುತ್ತದೆ. ಐ-ಫ್ರೇಮ್‌ನಲ್ಲೇ ಕತ್ತರಿಸಿದರೂ ಮೊದಲ ಎರಡು ಮೂರು ಫ್ರೇಮ್ ಕೆಲವೊಮ್ಮೆ ಬೂದುಬಣ್ಣಕ್ಕೆ ತಿರುಗುತ್ತವೆ, ಏಕೆಂದರೆ ಅವು ಕತ್ತರಿಸಿಹೋದ ಹಿಂದಿನ ಫ್ರೇಮ್‌ಗಳ ಗುಂಪನ್ನು ನೆಚ್ಚಿದ್ದವು. ಗುರುತನ್ನು ಒಂದು ಐ-ಫ್ರೇಮ್ ಹಿಂದಕ್ಕೆ ಸರಿಸಿದರೆ ಆ ಕೆಟ್ಟ ಫ್ರೇಮ್‌ಗಳು ಜಾಹೀರಾತಿನ ಕೊನೆಯ ತುದಿಗೆ ಬೀಳುತ್ತವೆ, ಕಾರ್ಯಕ್ರಮ ಪೂರ್ತಿ ಉಳಿಯುತ್ತದೆ.

ಈಗ ಕಂಟೇನರ್ ಬದಲಾವಣೆ, ಅದಕ್ಕೆ ಎಫ್ಎಫ್ಎಂಪೆಗ್ ಎಂಬ ಆಜ್ಞಾಸಾಲಿನ ತಂತ್ರಾಂಶ. ಕೋಡೆಕ್ (ಸಂಕೋಚನ ವಿಧಾನ) ಜಾಗದಲ್ಲಿ ಕಾಪಿ ಎಂದು ಕೊಟ್ಟು ಎಂಕೆವಿ ಕಂಟೇನರ್‌ಗೆ ಬರೆಸಿ. ಇಲ್ಲಿ ಹೆಚ್ಚಿನವರು ಎಡವುವುದು ಯಾವ ಯಾವ ಭಾಗ ಬೇಕು ಎಂದು ಹೇಳುವ ಮ್ಯಾಪ್ ಆಯ್ಕೆಯನ್ನು ಬಿಟ್ಟಾಗ. ಏನೂ ಹೇಳದಿದ್ದರೆ ಎಫ್ಎಫ್ಎಂಪೆಗ್ ಒಂದೇ ಆಡಿಯೊ ಆರಿಸಿಕೊಂಡು ಉಳಿದ ಭಾಷೆಗಳನ್ನು ಸದ್ದಿಲ್ಲದೆ ಕೈಬಿಡುತ್ತದೆ. ವಿಡಿಯೊ, ಆಡಿಯೊ, ಸಬ್‌ಟೈಟಲ್ ಮೂರನ್ನೂ ಹೆಸರಿಸಿ ಮ್ಯಾಪ್ ಮಾಡಿ. ಟಿವಿ ಸಿಗ್ನಲ್ ಜೊತೆ ಬರುವ ಪಠ್ಯಪುಟಗಳು, ಅಂದರೆ ಟೆಲಿಟೆಕ್ಸ್ಟ್, ಇದ್ದರೆ ಬಿಡಿ, ಎಂಕೆವಿಗೆ ಅದು ಒಗ್ಗುವುದಿಲ್ಲ. ಡಿಜಿಟಲ್ ಟಿವಿ ಪ್ರಸಾರದ (ಡಿವಿಬಿ) ಸಬ್‌ಟೈಟಲ್‌ಗಳು ಅಕ್ಷರಗಳಲ್ಲ, ಚಿತ್ರಗಳು. ಎಂಕೆವಿ ಅವನ್ನು ಉಳಿಸಿಕೊಳ್ಳುತ್ತದೆ, ಎಂಪಿ4 ಒಪ್ಪುವುದಿಲ್ಲ. ಎರಡನೆಯ ಆಡಿಯೊ ಅಥವಾ ಸಬ್‌ಟೈಟಲ್ ತಡವಾಗಿ ಶುರುವಾದರೆ ಅದು ಪಟ್ಟಿಯಲ್ಲೇ ಕಾಣಿಸದಿರಬಹುದು. ಆಗ ಕಡತದ ಆರಂಭವನ್ನು ಎಷ್ಟು ದೂರ ಪರಿಶೀಲಿಸಬೇಕು ಎಂದು ಹೇಳುವ ಪ್ರೋಬ್‌ಸೈಜ್ ಮತ್ತು ಅನಲೈಜ್‌ಡ್ಯುರೇಶನ್ ಹೆಚ್ಚಿಸಿ. ಪ್ರೋಬ್‌ಸೈಜ್ ಸಾಮಾನ್ಯವಾಗಿ ಇರುವುದು 5 ಎಂಬಿ, ಅದನ್ನು 100ಕ್ಕೆ ಏರಿಸಿದರೆ ಬಹುತೇಕ ಸಂದರ್ಭಕ್ಕೆ ಸಾಕು.

ಒಂದು ಗಂಟೆಯ ಕಡತ ಪ್ಲೇಯರ್‌ನಲ್ಲಿ 26 ಗಂಟೆ ಎಂದು ತೋರಿದರೂ ಗಾಬರಿ ಬೇಡ. ಸಮಯದ ಮುದ್ರೆ 33 ಬಿಟ್‌ನದು, ಸೆಕೆಂಡಿಗೆ 90,000ದ ಲೆಕ್ಕದಲ್ಲಿ ಓಡುತ್ತದೆ. ಸುಮಾರು 26 ಗಂಟೆ 30 ನಿಮಿಷಕ್ಕೆ ಅದು ಸೊನ್ನೆಗೆ ಮರಳುತ್ತದೆ. ನಿಮ್ಮ ರೆಕಾರ್ಡಿಂಗ್ ಆ ತಿರುವಿನ ಮೇಲೆ ಬಿದ್ದಿದೆ. ಎಫ್ಎಫ್ಎಂಪೆಗ್ ಈ ಸುತ್ತನ್ನು ಗುರುತಿಸಿ ತಿದ್ದುವುದರಿಂದ ಎಂಕೆವಿಯಲ್ಲಿ ಅವಧಿ ಸರಿಹೋಗುತ್ತದೆ.

ಹಳೆಯ ಫೋನಿಗೋ ನಿಧಾನದ ನೆಟ್‌ಗೋ ಕಡತ ಚಿಕ್ಕದಾಗಲೇಬೇಕಾದರೆ ಮಾತ್ರ ಎನ್‌ಕೋಡ್ ಮಾಡಿ. ಆಗ ಮೊದಲು ಡಿಇಂಟರ್‌ಲೇಸ್, ಅಂದರೆ ಸಾಲು ಬಿಟ್ಟು ಸಾಲಾಗಿ ಬಂದ ಅರ್ಧ ಚಿತ್ರಗಳನ್ನು ಪೂರ್ಣ ಚಿತ್ರವಾಗಿಸುವುದು, ನಂತರ ಚಿತ್ರದ ಗಾತ್ರ ಇಳಿಸುವುದು. ಈ ಕ್ರಮ ತಿರುಗಿದರೆ ಚಲಿಸುವ ವಸ್ತುಗಳ ಅಂಚಿನ ಅಡ್ಡಗೆರೆಗಳು ಚಿತ್ರದೊಳಗೇ ಬೆರೆತುಹೋಗುತ್ತವೆ, ಮತ್ತೆ ತೆಗೆಯಲಾಗದು. ಡಿಇಂಟರ್‌ಲೇಸ್‌ಗೆ ಎಫ್ಎಫ್ಎಂಪೆಗ್‌ನ ಬಿಡಬ್ಲ್ಯೂಡಿಐಎಫ್ ಫಿಲ್ಟರ್ ಚೆನ್ನಾಗಿದೆ.

ಮೂಲವನ್ನು ಅಳಿಸುವ ಮುನ್ನ ಹೊಸ ಕಡತವನ್ನು ಎಫ್ಎಫ್ಎಂಪೆಗ್‌ಗೆ ಕೊಟ್ಟು ಔಟ್‌ಪುಟ್ ನಲ್ ಎಂದು ಹೇಳಿ ಪೂರ್ತಿ ಓಡಿಸಿ. ಏನನ್ನೂ ಬರೆಯದೆ ಮೊದಲಿನಿಂದ ಕೊನೆಯವರೆಗೆ ಡಿಕೋಡ್ ಮಾಡಿ ದೋಷಗಳನ್ನು ತೋರಿಸುತ್ತದೆ. ಆ ದೋಷಗಳು ಮೂಲದಲ್ಲೂ ಅದೇ ಜಾಗದಲ್ಲಿದ್ದರೆ ಅವು ಸಿಗ್ನಲ್‌ನವು. ಹೊಸದರಲ್ಲಿ ಮಾತ್ರ ಇದ್ದರೆ ಕತ್ತರಿಸಿದ ಜಾಗವನ್ನೋ ನಕಲನ್ನೋ ಮತ್ತೆ ನೋಡಬೇಕು.