ಕೊಂಡಿ ಇಲ್ಲದಾಗಲೂ ಕೆಡದ ಸಾಫ್ಟ್‌ವೇರ್

2003ರ ಸುಮಾರಿಗೆ ದೊಡ್ಡಬಳ್ಳಾಪುರದ ಕಡೆ ಡಾಕ್‌ನೆಟ್ ಎಂಬ ಪ್ರಯೋಗ ನಡೆಯಿತು. ವೈಫೈ ಪೆಟ್ಟಿಗೆ ಹೊತ್ತ ಬಸ್ಸು ಹಳ್ಳಿಗಳಿಂದ ‘ಭೂಮಿ’ ದಾಖಲೆಯ ಕೋರಿಕೆಗಳನ್ನು ಒಯ್ದು, ಉತ್ತರ ತರುತ್ತಿತ್ತು. ಕೊಂಡಿ, ಅಂದರೆ ಸಂಪರ್ಕ, ಹೀಗೆ ಬಿಟ್ಟು ಬಿಟ್ಟು ಸಿಗುವ ಕಡೆ ಟಿಸಿಪಿ (ಇಂಟರ್ನೆಟ್ಟಿನಲ್ಲಿ ದತ್ತಾಂಶ ಸಾಗಿಸುವ ಸಾಮಾನ್ಯ ನಿಯಮಾವಳಿ) ನಡೆಯದು. ದತ್ತಾಂಶ ಹೊರಡುವ ಮೊದಲೇ ಎರಡೂ ತುದಿಗಳ ನಡುವೆ ಒಂದು ಸುತ್ತು ಮಾತುಕತೆ ಮುಗಿಯಬೇಕೆಂಬುದು ಅದರ ಹಟ. ಬಾಹ್ಯಾಕಾಶದಲ್ಲೂ ಇದೇ ತೊಡಕು: ಮಂಗಳ ಗ್ರಹಕ್ಕಾದರೆ ಸಂಕೇತ ಒಂದು ದಿಕ್ಕಿಗೆ ಹೋಗಲು 3ರಿಂದ 22 ನಿಮಿಷ ಬೇಕು.

ಇಂಥ ಜಾಲಗಳಿಗೆಂದೇ ಇರುವ ನಿಯಮಾವಳಿಯಾದ ಬಂಡಲ್ ಪ್ರೊಟೊಕಾಲ್‌ನ 7ನೇ ಆವೃತ್ತಿ 2022ರಲ್ಲಿ ಪ್ರಕಟವಾಯಿತು. ಬಂದ ಬಂಡಲನ್ನು (ದತ್ತಾಂಶದ ಕಟ್ಟನ್ನು) ಡಿಸ್ಕಿಗೆ ಬರೆದಿಟ್ಟುಕೊಂಡು, ಕೊಂಡಿ ಸಿಕ್ಕಾಗ ಮುಂದಕ್ಕೆ ದಾಟಿಸುವುದಷ್ಟೇ ತಿರುಳು. ಆ ಕೊಂಡಿ ವೈಫೈಯೋ, ಪೆನ್‌ಡ್ರೈವೋ, ರೇಡಿಯೊವೋ ಎಂಬುದು ಈ ಕೆಲಸ ಮಾಡುವ ಮುಖ್ಯ ಸಾಫ್ಟ್‌ವೇರಿಗೆ ಗೊತ್ತಿರಬಾರದು. ಪ್ರತಿ ಮಾಧ್ಯಮಕ್ಕೂ ಬೇರೆ ಅಡಾಪ್ಟರ್ (ಆ ಮಾಧ್ಯಮದೊಡನೆ ವ್ಯವಹರಿಸುವ ಸಾಫ್ಟ್‌ವೇರ್ ತುಣುಕು) ಇರಲಿ. ಕೊಂಡಿ ಬಂತು, ಹೋಯಿತು, ಈ ಬಂಡಲ್ ದಾಟಿತು ಎಂದಷ್ಟೇ ಅದು ವರದಿ ಮಾಡಲಿ. ‘ಕಳಿಸು’ ಎಂದೊಡನೆ ಫಲಿತಾಂಶ ಕೊಡುವ ಫಂಕ್ಷನ್ ಬರೆದರೆ ಕೆಟ್ಟಿತು: ಉತ್ತರ ನಾಳೆ ಬರಬಹುದು, ನಡುವೆ ಕರೆಂಟೂ ಹೋಗಬಹುದು.

ದಾರಿ ಆರಿಸುವ ಭಾಗವೂ ಪ್ರತ್ಯೇಕವಿರಬೇಕು. ಉಪಗ್ರಹದ ಭೇಟಿಗೆ ವೇಳಾಪಟ್ಟಿಯಿದೆ, ಅದರಿಂದ ದಾರಿ ಲೆಕ್ಕಹಾಕಬಹುದು. ಯಾರು ಯಾವಾಗ ಎದುರಾಗುತ್ತಾರೋ ತಿಳಿಯದ ಕಡೆ ಪ್ರತಿಗಳನ್ನು ಹಂಚಬೇಕು, ಅದಕ್ಕೂ ಮಿತಿ ಹಾಕಬೇಕು. ಇಲ್ಲವಾದರೆ ಡಿಸ್ಕ್ ತುಂಬಿ ಹೊಸ ಬಂಡಲಿಗೆ ಜಾಗವೇ ಇರುವುದಿಲ್ಲ.

ಹೆಚ್ಚು ಕಾಡುವುದು ಗಡಿಯಾರ. ಪ್ರತಿ ಬಂಡಲಿನಲ್ಲೂ ಹುಟ್ಟಿದ ಸಮಯ ಮತ್ತು ಆಯಸ್ಸು ಮಿಲಿಸೆಕೆಂಡುಗಳಲ್ಲಿರುತ್ತವೆ. ಎಣಿಕೆ ಶುರುವಾಗುವುದು 2000ದ ಜನವರಿ 1ರಿಂದ. ಬ್ಯಾಟರಿ ಸತ್ತ ಕಂಪ್ಯೂಟರ್ ಹಳೆಯ ದಿನಾಂಕ ಹಾಕಿದರೆ, ಮುಂದಿನ ನೋಡ್ (ದಾರಿಯಲ್ಲಿರುವ ಕಂಪ್ಯೂಟರ್) ‘ಅವಧಿ ಮುಗಿದಿದೆ’ ಎಂದು ಬಂಡಲನ್ನು ಸದ್ದಿಲ್ಲದೆ ಅಳಿಸಿಬಿಡುತ್ತದೆ. ಗಡಿಯಾರದ ನಂಬಿಕೆಯಿಲ್ಲದಿದ್ದರೆ ಹುಟ್ಟಿದ ಸಮಯವನ್ನು ಸೊನ್ನೆ ಮಾಡಿ, ವಯಸ್ಸು ಹೇಳುವ ಬ್ಲಾಕ್ (ಬಂಡಲಿನ ಒಂದು ಭಾಗ) ಸೇರಿಸಬೇಕು. ತಾನು ಇಟ್ಟುಕೊಂಡಷ್ಟು ಹೊತ್ತನ್ನು ಪ್ರತಿ ನೋಡ್ ಅದಕ್ಕೆ ಕೂಡಿಸುತ್ತದೆ. ಯಂತ್ರ ಆರಿದ್ದ ಹೊತ್ತು ಲೆಕ್ಕ ತಪ್ಪಿದರೆ ಬಂಡಲ್ ತುಸು ಹೆಚ್ಚು ಬದುಕೀತು, ಅಷ್ಟೇ. ಅಕಾಲದಲ್ಲಿ ಅಳಿಯುವುದಕ್ಕಿಂತ ಅದು ವಾಸಿ.

ಎಲ್ಲ ನೋಡ್‌ಗಳನ್ನೂ ಒಮ್ಮೆಗೇ ಅಪ್‌ಡೇಟ್ ಮಾಡಲಾಗದು ಎಂಬುದು ಇಲ್ಲಿನ ವಾಸ್ತವ. ಅದಕ್ಕೇ ಪ್ರತಿ ಬ್ಲಾಕೂ ತನ್ನ ಸೂಚನೆ ಹೊತ್ತು ಬರುತ್ತದೆ: ಅರ್ಥವಾಗದಿದ್ದರೆ ನನ್ನನ್ನು ಕಿತ್ತುಹಾಕು, ಅಥವಾ ಇಡೀ ಬಂಡಲನ್ನೇ ಅಳಿಸು. ಎರಡೂ ಇಲ್ಲದಿದ್ದರೆ ಹಳೆಯ ಸಾಫ್ಟ್‌ವೇರ್ ಅದನ್ನು ಇದ್ದಂತೆಯೇ ಮುಂದೆ ಸಾಗಿಸುತ್ತದೆ. ಪ್ರೊಟೊಕಾಲ್‌ನ ಜಾಣತನವೆಲ್ಲ ಇಲ್ಲೇ ಇದೆ ಅನ್ನಬೇಕು.

ಇನ್ನು ಆ್ಯಪ್ ಬರೆಯುವವರು ಲಾಗಿನ್, ಪಟ್ಟಿ, ಫೈಲ್ ಎಂದು ಮೂರು ಸುತ್ತು ಓಡಾಡಿಸದೆ ಎಲ್ಲವನ್ನೂ ಒಂದೇ ಬಂಡಲಿಗೆ ತುಂಬಬೇಕು. ಕೋರಿಕೆಗೊಂದು ವಿಶಿಷ್ಟ ಸಂಖ್ಯೆಯೂ ಇರಲಿ. ಉತ್ತರ ಬರಲಿಲ್ಲವೆಂದು ಬಳಕೆದಾರ ಮತ್ತೆ ಗುಂಡಿ ಒತ್ತಿಯೇ ಒತ್ತುತ್ತಾನೆ. ಸಂಖ್ಯೆಯಿಲ್ಲದಿದ್ದರೆ ಒಂದೇ ಅರ್ಜಿಗೆ ಎರಡು ಸಲ ಶುಲ್ಕ ಬೀಳುತ್ತದೆ.