ಅಡುಗೆಮನೆಯ ಬೆಳಕು: ಲೆಕ್ಕ ಕಟ್ಟೆಯಿಂದ ಶುರು

ವೈರಿಂಗ್ ಕಲಿಯುವವರಿಗೂ ಇಂಟೀರಿಯರ್ ಕಲಿಯುವವರಿಗೂ ಬರುವ ಪಾಠ ಇದು. ಲೆಕ್ಕಕ್ಕೆ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಒಂದು ಮನೆಯನ್ನೇ ತಗೊಳ್ಳೋಣ. ಕೆಂಪುಕಲ್ಲಿನ ಗೋಡೆ, ಕಾಂಕ್ರೀಟ್ ಮಾಡು (ಛಾವಣಿ), 10 ಅಡಿಗೆ 10 ಅಡಿ ಅಡುಗೆಮನೆ, ಗೋಡೆಗೆ ತಾಗಿ 8 ಅಡಿ ಉದ್ದ, 2 ಅಡಿ ಅಗಲದ ಕಪ್ಪು ಗ್ರಾನೈಟ್ ಕಟ್ಟೆ.

ಇಂಥ ಮನೆಯಲ್ಲಿ ಸಾಮಾನ್ಯವಾಗಿ ಮಾಡಿನ ನಟ್ಟನಡುವೆ ಒಂದು ಪಾಯಿಂಟ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಕಟ್ಟೆಗೆ ಮುಖ ಮಾಡಿ ನಿಂತವರಿಗೆ ಆ ದೀಪ ಬೆನ್ನ ಹಿಂದೆ. ತರಕಾರಿ ಹೆಚ್ಚುವ ಕಡೆ ಅವರದೇ ನೆರಳು. 9 ವ್ಯಾಟ್ ತೆಗೆದು 20 ವ್ಯಾಟ್ ಹಾಕಿದರೆ ಕೋಣೆ ಬೆಳಗುತ್ತದೆ, ನೆರಳು ಮಾತ್ರ ಜಾಗ ಬಿಡುವುದಿಲ್ಲ. ಹಾಗಾಗಿ ಎರಡು ಲೆಕ್ಕ ಬೇಕು: ಓಡಾಡಲು ಒಂದು, ಕೆಲಸಕ್ಕೆ ಒಂದು.

ದೀಪ ಒಟ್ಟು ಎಷ್ಟು ಬೆಳಕು ಕೊಡುತ್ತದೆ ಅನ್ನುವುದು ಲ್ಯೂಮೆನ್. ಒಂದು ಚದರ ಮೀಟರ್ ಮೇಲೆ ಎಷ್ಟು ಲ್ಯೂಮೆನ್ ಬಿತ್ತು ಅನ್ನುವುದು ಲಕ್ಸ್. ಈಗಿನ ಎಲ್ಇಡಿ ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ ಎಂದು ಇಟ್ಟುಕೊಳ್ಳಿ.

ಓಡಾಟಕ್ಕೆ 150 ಲಕ್ಸ್ ಹಿಡಿಯೋಣ. ಕೋಣೆ 100 ಚದರಡಿ, ಅಂದರೆ 9.3 ಚದರ ಮೀಟರ್. ಗುಣಿಸಿದರೆ ಸುಮಾರು 1,400 ಲ್ಯೂಮೆನ್. ಗೋಡೆ, ಮಾಡು, ದೀಪಕ್ಕೆ ಹಿಡಿಯುವ ಜಿಡ್ಡು ಎಲ್ಲ ಸೇರಿ ಅರ್ಧ ತಿನ್ನುತ್ತವೆ ಎಂದರೆ 2,800 ಬೇಕು. 28 ವ್ಯಾಟ್ ಆಯಿತು. ಒಂದು 20 ವ್ಯಾಟಿನ ಉದ್ದ ದೀಪ, ಇನ್ನೊಂದು 9 ವ್ಯಾಟಿನ ಬಲ್ಬು ಸಾಕು.

ಕಟ್ಟೆಗೆ 400 ಲಕ್ಸ್. ವಿಸ್ತೀರ್ಣ 1.49 ಚದರ ಮೀಟರ್. ಅದೇ ಅರ್ಧ ನಷ್ಟ ಸೇರಿಸಿದರೂ ಬೇಕಾಗುವುದು ಸುಮಾರು 1,190 ಲ್ಯೂಮೆನ್, ಹೆಚ್ಚೆಂದರೆ 12 ವ್ಯಾಟ್. ಇಷ್ಟು ಕಡಿಮೆ ಸಾಕೇ ಅಂತ ಅನಿಸುತ್ತದೆ, ಅಲ್ವಾ? ಕಟ್ಟೆಯ ಜಾಗ ಚಿಕ್ಕದು, ದೀಪವೂ ಹತ್ತಿರ. ದೂರ ಎರಡು ಪಟ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಮಾಡಿನಿಂದ ಕಟ್ಟೆಗೆ 7 ಅಡಿ, ಮೇಲಿನ ಕಪಾಟಿನ ತಳದಿಂದ 2 ಅಡಿ. 49 ಭಾಗಿಸು 4, ಹನ್ನೆರಡು ಪಟ್ಟು ವ್ಯತ್ಯಾಸ. ದೂರದ ಈ ಲೆಕ್ಕ ಪೂರ್ತಿ ಹೊಂದುವುದು ಚುಕ್ಕೆಯಂಥ ದೀಪಕ್ಕೆ ಮಾತ್ರ. ಉದ್ದ ಪಟ್ಟಿ ದೀಪದಲ್ಲಿ ಇಳಿತ ಇದಕ್ಕಿಂತ ನಿಧಾನ. ಪರೀಕ್ಷೆಯಲ್ಲಿ ಈ ಸಾಲು ಬಿಡಬೇಡಿ.

ಕಟ್ಟೆಗೆ ಹಾಕುವ ಪಟ್ಟಿ ದೀಪವನ್ನು ಕಪಾಟಿನ ತಳದಲ್ಲಿ ಗೋಡೆಯ ಕಡೆಗಲ್ಲ, ಮುಂದಿನ ಅಂಚಿಗೆ ಹತ್ತಿರ ಇಡಬೇಕು. ಕಪಾಟೇ ಇಲ್ಲದಿದ್ದರೆ ಗೋಡೆಯಿಂದ ಎರಡು ಅಡಿ ಮುಂದೆ, ಕಟ್ಟೆಯ ಅಂಚಿನ ನೇರಕ್ಕೆ ಮಾಡಿನ ದೀಪ. ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಬೇರೆ ತಕರಾರು ತರುತ್ತದೆ. ಬರಿಯ ಎಲ್ಇಡಿ ಪಟ್ಟಿ ಹಚ್ಚಿ ನೋಡಿ, ಕಲ್ಲಿನೊಳಗೆ ಸಾಲಾಗಿ ಚುಕ್ಕೆಗಳು ಮಿನುಗಿ ಕಣ್ಣಿಗೆ ಚುಚ್ಚುತ್ತವೆ. ಹಾಲುಬಣ್ಣದ ಮುಚ್ಚಳವಿರುವ ಅಲ್ಯುಮಿನಿಯಂ ಚಾನೆಲ್ ಹಾಕಿದರೆ ಚುಕ್ಕೆ ಹೋಗುತ್ತದೆ. ಚಾನೆಲನ್ನು ಸ್ಕ್ರೂ ಹಾಕಿ ಬಿಗಿಯಿರಿ. ತೆಂಗಿನೆಣ್ಣೆಯ ಒಗ್ಗರಣೆ, ಕುಚ್ಚಲಕ್ಕಿ ಬೇಯುವ ಹಬೆ, ಇವೆರಡರ ಮುಂದೆ ಬರಿಯ ಅಂಟು ಜಾಸ್ತಿ ದಿನ ನಿಲ್ಲುವುದಿಲ್ಲ.

ಬಣ್ಣದ ವಿಷಯದಲ್ಲಿ ಎರಡು ಸಂಖ್ಯೆ ನೋಡಬೇಕು. ಕೆಲ್ವಿನ್ 3,000 ಇದ್ದರೆ ಹಳದಿ ಛಾಯೆ, 6,500 ಇದ್ದರೆ ನೀಲಿ ಬಿಳುಪು. ಕಟ್ಟೆಗೆ ನನ್ನ ಆಯ್ಕೆ 4,000. ಎರಡನೆಯದು ಸಿಆರ್‌ಐ, ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ, ಗರಿಷ್ಠ 100. ಸಾಮಾನ್ಯ ಎಲ್ಇಡಿಯಲ್ಲಿ ಮೊದಲು ಸೋಲುವುದು ಕೆಂಪು. ಬಂಗುಡೆಯ ಕಿವಿರು ಇನ್ನೂ ಕೆಂಪಾಗಿದೆಯೋ, ಕೆಂಪು ಹರಿವೆ ಬಾಡಿದೆಯೋ ಎಂದು ರಾತ್ರಿ ನೋಡಬೇಕಾದರೆ 90ರ ಮೇಲಿನದು ತಗೊಳ್ಳಿ. ದರ ಸ್ವಲ್ಪ ಜಾಸ್ತಿ, ಆದರೆ ಕಟ್ಟೆಗೊಂದಕ್ಕೇ ಸಾಕಲ್ಲ.

ಹಂಚಿನ ಮನೆಗೆ ಈ ಅರ್ಧ ನಷ್ಟದ ಲೆಕ್ಕ ಹೊಂದುವುದಿಲ್ಲ. ಸೌದೆ ಒಲೆಯ ಹೊಗೆಗೆ ಕಪ್ಪಾದ ಪಕ್ಕಾಸು (ಹಂಚು ಹೊರುವ ಮರ), ಹಂಚು ಮೇಲೆ ಹೋದ ಬೆಳಕನ್ನು ವಾಪಸು ಕೊಡುವುದೇ ಇಲ್ಲ. ಅಲ್ಲಿ ದೀಪವನ್ನು ತಗ್ಗಿಗೆ ಇಳಿಬಿಟ್ಟು ಮೇಲೊಂದು ಬಿಳಿ ಶೇಡ್ ಹಾಕಬೇಕು. ಗಾಜಿನ ಹಂಚು ಬೇಸಿಗೆಯ ಮಧ್ಯಾಹ್ನಕ್ಕೆ ಚಂದ. ಆಟಿ ತಿಂಗಳ ಮಳೆಯಲ್ಲಿ, ಮೇಲೆ ಪಾಚಿ ಬೇರೆ ಕಟ್ಟಿರುವಾಗ, ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಜುಲೈಯಲ್ಲಿ ಹಗಲೂ ದೀಪ ಬೇಕು.

ಸ್ವಿಚ್ ಬೇರೆ ಬೇರೆ ಇರಲಿ. ತೆಂಗಿನ ಮಡಲು ಲೈನಿನ ಮೇಲೆ ಬಿದ್ದು ಕರೆಂಟು ಹೋಗುವ ಊರು ನಮ್ಮದು, ಕಟ್ಟೆಯ ದೀಪವನ್ನೇ ಇನ್ವರ್ಟರಿಗೆ ಕೊಡಿ. ದೀಪ, ಫ್ಯಾನಿನ ಒಂದು ಉಪಸರ್ಕ್ಯೂಟಿಗೆ (ಬೋರ್ಡಿನಿಂದ ಹೊರಡುವ ಒಂದು ಲೈನಿಗೆ) 10 ಪಾಯಿಂಟ್ ಅಥವಾ 800 ವ್ಯಾಟ್ ಮಿತಿ, ಇದು ನೆನಪಿರಲಿ. ಮಿಕ್ಸಿ, ಗ್ರೈಂಡರ್ ಅದರ ಮೇಲೆ ಬರಬಾರದು. ಕಾಂಕ್ರೀಟ್ ಹಾಕುವ ಮೊದಲೇ ಪೈಪು ಇಡಬೇಕಾದ್ದರಿಂದ ಕಟ್ಟೆ ಎಲ್ಲಿ ಬರುತ್ತದೆ ಎಂದು ಆಗಲೇ ಕೇಳಿ ಗುರುತು ಹಾಕಿ.

ಅಭ್ಯಾಸಕ್ಕೆ: 12 ಅಡಿಗೆ 8 ಅಡಿ ಹಂಚಿನ ಅಡುಗೆಮನೆ, 150 ಲಕ್ಸ್, ನಷ್ಟ ಶೇಕಡಾ 70. ಉತ್ತರ 45 ವ್ಯಾಟಿನ ಆಸುಪಾಸು ಬರಬೇಕು. ಅಷ್ಟು ದೀಪ ಹಾಕುವುದೋ, ಗೋಡೆಗೆ ಸುಣ್ಣ ಹೊಡೆಸಿ ನಷ್ಟ ಇಳಿಸುವುದೋ ಎಂದು ಕೆಳಗೆ ಒಂದು ಸಾಲು ಬರೆಯಿರಿ.