ನೂರು ಗ್ರಾಂ ಮೆಕ್ಕೆಜೋಳದ ಲೆಕ್ಕ

ದಾವಣಗೆರೆಯಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ. ಹಾಗಾಗಿ ನಮ್ಮ ಬಯೋಕೆಮಿಕಲ್ ಎಂಜಿನಿಯರಿಂಗ್ ಲ್ಯಾಬಿನಲ್ಲಿ ಎಥನಾಲ್ ಪ್ರಯೋಗವನ್ನು ಮೆಕ್ಕೆಜೋಳದ ಹಿಟ್ಟಿನಿಂದಲೇ ಮಾಡಿಸುತ್ತೇನೆ. ರೆಡಿ ಗ್ಲೂಕೋಸ್ ಹಾಕಿದರೆ ಕೆಲಸ ಸಲೀಸು, ಕಲಿಯುವುದು ಕಮ್ಮಿ.

ಹಿಟ್ಟಿಗೆ ನೀರು ಬೆರೆಸಿ ಕಾಯಿಸಿದರೆ ಗಂಜಿ ಕಟ್ಟುತ್ತದೆ. ಕಲಕುವ ಕಡ್ಡಿ ತಿರುಗುವುದೇ ಕಷ್ಟ. 85–90 ಡಿಗ್ರಿಯಲ್ಲಿ ಆಲ್ಫಾ ಅಮೈಲೇಸ್ ಕಿಣ್ವ ಕೆಲಸ ಶುರು ಮಾಡಿದರೆ ಅದೇ ಗಂಜಿ ತೆಳ್ಳಗಾಗುತ್ತದೆ. ಆಮೇಲೆ 60 ಡಿಗ್ರಿಗೆ ಇಳಿಸಿ, ಸ್ವಲ್ಪ ಹುಳಿ ಮಾಡಿ, ಪಿಷ್ಟವನ್ನು ಗ್ಲೂಕೋಸ್ ಮಾಡುವ ಗ್ಲೂಕೋಅಮೈಲೇಸ್ ಕಿಣ್ವ ಹಾಕಬೇಕು. ಒಂದು ಹನಿಯನ್ನು ಬಿಳಿ ಟೈಲ್ ಮೇಲಿಟ್ಟು ಅಯೋಡಿನ್ ಬಿಟ್ಟು ನೋಡಿ. ಕಡುನೀಲಿ ಬಂದರೆ ಪಿಷ್ಟ ಇನ್ನೂ ಉಳಿದಿದೆ. ಬರಲಿಲ್ಲವೆಂದರೆ ತಣಿಸಿ, 30 ಡಿಗ್ರಿ ಹತ್ತಿರ, ಗ್ಲೂಕೋಸನ್ನು ಎಥನಾಲ್ ಮಾಡುವ ಯೀಸ್ಟ್ ಹಾಕಬಹುದು.

ಇಷ್ಟನ್ನು ಎಲ್ಲರೂ ಚೆನ್ನಾಗಿ ಮಾಡುತ್ತಾರೆ. ಎಡವುವುದು ಲೆಕ್ಕದಲ್ಲಿ. 'ಜೋಳ 100 ಗ್ರಾಂ' ಅಂತ ಬರೆದು ಮುಂದೆ ಹೋಗುತ್ತಾರೆ. ಮಂಡಿಯಲ್ಲಿ ತೇವಾಂಶ ನೋಡದೆ ಯಾರಾದರೂ ರೇಟು ಕಟ್ಟುತ್ತಾರಾ? ತೇವಾಂಶ ಶೇ. 14 ಇದ್ದರೆ ಒಣ ಜೋಳ 86 ಗ್ರಾಂ ಮಾತ್ರ. ಅದರಲ್ಲಿ ಪಿಷ್ಟ ಹೆಚ್ಚುಕಮ್ಮಿ ಶೇ. 70, ಅಂದರೆ 60 ಗ್ರಾಂ. ಪಿಷ್ಟ ಒಡೆಯುವಾಗ ನೀರು ಸೇರಿಕೊಳ್ಳುವುದರಿಂದ ಗ್ಲೂಕೋಸ್ 67 ಗ್ರಾಂ ಆಗುತ್ತದೆ. ಒಂದು ಗ್ರಾಂ ಗ್ಲೂಕೋಸಿನಿಂದ 0.51 ಗ್ರಾಂಗಿಂತ ಜಾಸ್ತಿ ಎಥನಾಲ್ ಸಿಗಲು ಸಾಧ್ಯವೇ ಇಲ್ಲ. ಅಲ್ಲಿಗೆ 34 ಗ್ರಾಂ. ಅದೇ ಕೊನೆಯ ಗೆರೆ.

38 ಗ್ರಾಂ ಬಂತು ಅಂದರೆ ಅಳತೆಯೋ ಲೆಕ್ಕವೋ ತಪ್ಪಿದೆ. 28 ಬಂದರೆ ನನಗೆ ಖುಷಿ, ಏಕೆಂದರೆ ಅಲ್ಲಿಂದ ಹುಡುಕಾಟ ಶುರುವಾಗುತ್ತದೆ. ಉಳಿದ ಸಕ್ಕರೆ ಎಲ್ಲಿಗೆ ಹೋಯಿತು? ಸ್ವಲ್ಪ ಯೀಸ್ಟ್ ಬೆಳೆಯುವುದಕ್ಕೆ, ಸ್ವಲ್ಪ ಗ್ಲಿಸರಾಲ್ ಎಂಬ ಉಪಉತ್ಪನ್ನಕ್ಕೆ. ಪಿಎಚ್ ಮಾಮೂಲಿಗಿಂತ ಕೆಳಗಿಳಿದು ಮೊಸರಿನ ಹುಳಿ ವಾಸನೆ ಬಂದರೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಹೊಕ್ಕಿರಬಹುದು. ಪರೀಕ್ಷೆಯಲ್ಲಿ ಅಂಕ ಕೊಡಬೇಕಾದ್ದು ಈ ಹುಡುಕಾಟಕ್ಕೆ. ಸುಮ್ನೆ ಪುಸ್ತಕದ ಉತ್ತರ ಬಂತು ಅಂತ ಪೂರ್ತಿ ಅಂಕ ಹಾಕುವುದು ಮಕ್ಕಳಿಗೆ ಮಾಡುವ ಅನ್ಯಾಯ. ನಾಳೆ ಡಿಸ್ಟಿಲರಿಯಲ್ಲಿ ಕೆಲಸಕ್ಕೆ ನಿಂತಾಗ ಮ್ಯಾನೇಜರ್ ಕೇಳುವುದೂ ಇದನ್ನೇ ಅಲ್ವಾ?

ದುಬಾರಿ ಉಪಕರಣ ಇಲ್ಲದ ಕಾಲೇಜುಗಳೂ ಇದನ್ನು ಮಾಡಿಸಬಹುದು. ಫ್ಲಾಸ್ಕಿಗೆ, ಅನಿಲವನ್ನು ಹೊರಗೆ ಬಿಟ್ಟು ಗಾಳಿಯನ್ನು ಒಳಗೆ ಬಿಡದ ಏರ್‌ಲಾಕ್ ಹಾಕಿ, ದಿನಾ ಎರಡು ಹೊತ್ತು ತಕ್ಕಡಿ ಮೇಲಿಟ್ಟು ತೂಕ ಬರೆಸಿ. ತೂಕ ಇಳಿಯುವುದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುವುದರಿಂದ. ಆ ಅನಿಲ 44 ಗ್ರಾಂ ಹೋದರೆ ಒಳಗೆ 46 ಗ್ರಾಂ ಎಥನಾಲ್ ಆಗಿರುತ್ತದೆ. ಈ ಅಂಕಿಯನ್ನು ಕೊನೆಗೆ ಬಟ್ಟಿ ಇಳಿಸಿ ಸಿಕ್ಕ ಎಥನಾಲಿನ ಪಕ್ಕದಲ್ಲಿಟ್ಟು ನೋಡಿದರೆ, ನಷ್ಟ ಫ್ಲಾಸ್ಕಿನಲ್ಲಾಯಿತೋ ಬಟ್ಟಿ ಇಳಿಸುವಾಗ ಆಯಿತೋ ಗೊತ್ತಾಗುತ್ತದೆ.